ಎರಡು ಲಾರಿ, ಒಂದು ನಂಬರು

ನಮ್ಮ ಹಳೆಯ ಶಾಸನಗಳಲ್ಲಿ, ದೇವಾಲಯಕ್ಕೆ ಭೂಮಿ ಬಿಟ್ಟುಕೊಟ್ಟ ವಿವರ ಬರುವ ಕಡೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಮುರಿದದ್ದನ್ನು, ಬಿರುಕು ಬಿಟ್ಟದ್ದನ್ನು, ಸವೆದು ಹೋದದ್ದನ್ನು ಸರಿಪಡಿಸಲು ಈ ದಾನ ಎಂದು ಅದರ ಅರ್ಥ. ಕಲ್ಲಿನಲ್ಲಿ ಕಟ್ಟಿದ್ದೂ ಒಂದು ದಿನ ಕೆಡುತ್ತದೆ ಎಂದು ಒಪ್ಪಿಕೊಂಡವರ ಮಾತು ಅದು. ಎರಡನೇ ಮಹಾಯುದ್ಧದ ಲಾರಿಗಳ ಜೀರ್ಣೋದ್ಧಾರದ ಬಗ್ಗೆ ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಕಲ್ಲಿನ ಗುಡಿಗೂ ಕಬ್ಬಿಣದ ಲಾರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎನ್ನಬಹುದು. ಆದರೆ ಎರಡೂ ಕಡೆ ಏಳುವ ಪ್ರಶ್ನೆ ಒಂದೇ: ಎಷ್ಟು ಬದಲಾಯಿಸಿದರೆ ಹಳೆಯದು ಹಳೆಯದಾಗಿಯೇ ಉಳಿಯುತ್ತದೆ?

ಒಂದು ಶೆಡ್ಡನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಒಂದೇ ಮಾದರಿಯ ಎರಡು ಲಾರಿಗಳಿವೆ. ಮೊದಲನೆಯದರ ಚಾಸಿ ನೆಟ್ಟಗಿದೆ, ಅದರ ಮೇಲೆ ಒತ್ತಿದ ನಂಬರು ಸ್ಪಷ್ಟವಾಗಿ ಓದಲು ಬರುತ್ತದೆ. ಆದರೆ ಕ್ಯಾಬಿನ್ನನ್ನು ತುಕ್ಕು ತಿಂದು ಹಾಕಿದೆ, ಎಂಜಿನ್ ಬ್ಲಾಕ್ ಒಡೆದಿದೆ. ಎರಡನೆಯದರ ಚಾಸಿ ಯಾವುದೋ ಪೆಟ್ಟಿಗೆ ತಿರುಚಿಕೊಂಡಿದೆ, ಆದರೆ ಬಾಗಿಲು, ಮಡ್‌ಗಾರ್ಡು, ಎಂಜಿನ್ನು, ಗೇರ್ ಬಾಕ್ಸು ಚೆನ್ನಾಗಿವೆ. ಎರಡನ್ನೂ ಬಿಚ್ಚಿ ಒಂದನ್ನು ಕಟ್ಟುವುದು ಸುಲಭದ ಲೆಕ್ಕ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದ ಹವ್ಯಾಸಿಗಳು ದಶಕಗಳಿಂದ ಮಾಡುತ್ತಿರುವುದೂ ಇದನ್ನೇ. ಕಷ್ಟ ಇರುವುದು ಆಮೇಲೆ. ಎದ್ದು ನಿಂತದ್ದು ಯಾವ ಲಾರಿ?

ಇದಕ್ಕೆ ಉತ್ತರ ಹುಡುಕಲು ಆ ಲಾರಿಗಳು ಹುಟ್ಟಿದ ಬಗೆಯನ್ನು ನೋಡಬೇಕು. 1940ರಲ್ಲಿ ಬ್ರಿಟಿಷ್ ಸೈನ್ಯ ಡಂಕರ್ಕ್ ತೀರದಿಂದ ಜೀವ ಉಳಿಸಿಕೊಂಡು ಬಂತು, ವಾಹನಗಳನ್ನು ತರಲಾಗಲಿಲ್ಲ. ಫ್ರಾನ್ಸಿನಲ್ಲಿ ಬಿಟ್ಟು ಬಂದ ವಾಹನಗಳು 60,000ಕ್ಕೂ ಹೆಚ್ಚು. ಆ ಕೊರತೆಯನ್ನು ತುಂಬುವ ಭಾರದ ದೊಡ್ಡ ಪಾಲು ಕೆನಡಾದ ಮೇಲೆ ಬಿತ್ತು. ವಿಂಡ್ಸರ್‌ನ ಫೋರ್ಡ್ ಮತ್ತು ಓಷಾವಾದ ಜನರಲ್ ಮೋಟಾರ್ಸ್, ಸಂತೆಯಲ್ಲಿ ಎದುರಾಳಿಗಳಾಗಿದ್ದರೂ, ಒಂದೇ ಸೇನಾ ಮಾದರಿಯ ಲಾರಿಗಳನ್ನು ತಯಾರಿಸಿದವು. ಕೆನಡಿಯನ್ ಮಿಲಿಟರಿ ಪ್ಯಾಟರ್ನ್, ಚಿಕ್ಕದಾಗಿ ಸಿ.ಎಂ.ಪಿ. ಎಂಬುದು ಅದರ ಹೆಸರು. ಯುದ್ಧ ಮುಗಿಯುವ ಹೊತ್ತಿಗೆ ಇಂಥ 4 ಲಕ್ಷಕ್ಕೂ ಹೆಚ್ಚು ಲಾರಿಗಳು ಹೊರಬಂದಿದ್ದವು.

ಮೋಟು ಮೂಗಿನ, ನೋಡಲು ಅಷ್ಟೇನೂ ಚೆಲುವಲ್ಲದ ಲಾರಿ ಅದು. ಎಂಜಿನ್ನಿನ ಅರ್ಧ ಭಾಗ ಕ್ಯಾಬಿನ್ನಿನ ಒಳಗೇ ಕೂತಿರುತ್ತಿದ್ದರಿಂದ ಚಾಲಕನ ಕಾಲಿಗೆ ಸದಾ ಬಿಸಿ. 13ನೆಯ ನಮೂನೆಯ ಕ್ಯಾಬಿನ್ನಿನಲ್ಲಿ ಮುಂದಿನ ಗಾಜು ಕೆಳಗಡೆ ಒಳಕ್ಕೆ ವಾಲಿಕೊಂಡಿತ್ತು. ಬಿಸಿಲಿಗೆ ಗಾಜು ಹೊಳೆದು ಮೇಲಿನ ವಿಮಾನದವರಿಗೆ ಕಾಣಬಾರದು ಎಂಬ ಎಚ್ಚರಿಕೆ ಅದು. ಕ್ಯಾಬಿನ್ ವಿನ್ಯಾಸ ಎರಡೂ ಕಂಪನಿಗಳಿಗೆ ಒಂದೇ, ಎಂಜಿನ್ ಮಾತ್ರ ಬೇರೆ. ಫೋರ್ಡ್‌ನಲ್ಲಿ ಎಂಟು ಸಿಲಿಂಡರಿನ ವಿ-8, ಷೆವರ್ಲೆಯಲ್ಲಿ ಸಾಲಾಗಿ ಆರು ಸಿಲಿಂಡರು. ಅನೇಕ ಲಾರಿಗಳು ಬಿಡಿಭಾಗಗಳಾಗಿ, ಮರದ ಪೆಟ್ಟಿಗೆಗಳಲ್ಲಿ ಹಡಗು ಹತ್ತಿ, ಹೋದ ದೇಶದಲ್ಲಿ ಜೋಡಣೆಗೊಂಡವು.

ಅಂದರೆ ಈ ಲಾರಿ ಹುಟ್ಟುವಾಗಲೇ ‘ಇಂಥದ್ದೇ ಲಾರಿ’ ಆಗಿರಲಿಲ್ಲ. ಯಾವ ಪೆಟ್ಟಿಗೆಯ ಬಾಗಿಲು ಯಾವ ಕ್ಯಾಬಿನ್ನಿಗಾದರೂ ಕೂರಬೇಕು ಎನ್ನುವುದೇ ಅದರ ಮೂಲತತ್ವ. ಯುದ್ಧಭೂಮಿಯಲ್ಲಿ ಆದದ್ದೂ ಅದೇ. ಗುಂಡು ತಿಂದ ಒಂದು ಲಾರಿಯ ಆಕ್ಸಲ್, ದಾರಿಯಲ್ಲಿ ಕೆಟ್ಟು ನಿಂತ ಇನ್ನೊಂದಕ್ಕೆ ಸೇರುತ್ತಿತ್ತು. ಸೈನಿಕರ ಇಂಗ್ಲಿಷಿನಲ್ಲಿ ಇದಕ್ಕೆ ‘ಕ್ಯಾನಿಬಲೈಸೇಷನ್’ ಎಂಬ ಹೆಸರು ಬಂತು. ತನ್ನ ಜಾತಿಯನ್ನೇ ತಿಂದು ಬದುಕುವುದು. ದಾಸ್ತಾನು ಪುಸ್ತಕ ಇಡುವ ಅಧಿಕಾರಿಗೆ ಇದು ಇಷ್ಟವಾಗುತ್ತಿರಲಿಲ್ಲ. ಆದರೆ ಬರ್ಮಾದ ಕೆಸರಿನಲ್ಲಿ, ಲಿಬಿಯಾದ ಮರಳಿನಲ್ಲಿ ಬಿಡಿಭಾಗ ಬರುವವರೆಗೆ ಕಾಯುತ್ತ ಕೂರುವವರು ಯಾರು?

ಭಾರತಕ್ಕೂ ಈ ಕತೆಯಲ್ಲಿ ಪಾಲಿದೆ. ಕೆನಡಾದಿಂದ ಬಂದ ಚಾಸಿಗಳ ಮೇಲೆ ಇಲ್ಲಿ ತಯಾರಾದ ಉಕ್ಕಿನ ಕವಚ ಕೂರಿಸಿ 4,600ಕ್ಕೂ ಹೆಚ್ಚು ಯುದ್ಧವಾಹನಗಳನ್ನು ಕಟ್ಟಲಾಯಿತು. ಸೈನಿಕರು ಅದನ್ನು ‘ಟಾಟಾನಗರ್’ ಎಂದು ಕರೆದರು. ಕಾಲು ಕೆನಡಾದ್ದು, ಮೈ ಜಮ್‌ಶೆಡ್‌ಪುರದ್ದು. ಬರ್ಮಾದಲ್ಲಿ ಉಳಿದುಕೊಂಡ ಷೆವರ್ಲೆ ಲಾರಿಗಳು ಯುದ್ಧದ ನಂತರ ಮರದ ಮೈ ಹೊತ್ತು ಬಸ್ಸುಗಳಾದವು. ರಂಗೂನಿನ ಬೀದಿಗಳಲ್ಲಿ ಅವು ಈ ಶತಮಾನದವರೆಗೂ ಓಡಿದವು. ಅವುಗಳಲ್ಲಿ ಒಂದರ ಮೂಗನ್ನು ಬಿಟ್ಟು ಬೇರೆ ಯಾವ ಭಾಗ 1943ರದ್ದು ಎಂದು ಕೇಳಿದರೆ ಆ ಊರಿನ ಮೆಕ್ಯಾನಿಕ್ ನಕ್ಕುಬಿಟ್ಟಾನು. ಅವನಿಗೆ ಅದು ಇತಿಹಾಸವಲ್ಲ, ಅನ್ನದ ದಾರಿ.

ಹೀಗೆ ನೋಡಿದರೆ ಎರಡರಿಂದ ಒಂದನ್ನು ಕಟ್ಟುವವನು ಇತಿಹಾಸಕ್ಕೆ ದ್ರೋಹ ಮಾಡುತ್ತಿಲ್ಲ, ಅದನ್ನು ಮುಂದುವರಿಸುತ್ತಿದ್ದಾನೆ. ಆದರೂ ಎಲ್ಲವೂ ಎಲ್ಲಕ್ಕೂ ಕೂರುವುದಿಲ್ಲ. ಆ ಕಾಲದ ಷೆವರ್ಲೆ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗು ಬೇರೆ ತುಂಡಲ್ಲ. ರಾಡಿನ ಮೇಲೆಯೇ ಕರಗಿಸಿ ಎರೆದ ಬಿಳಿ ಲೋಹ. ವರ್ಷಾನುಗಟ್ಟಲೆ ಒಂದೇ ಕ್ರ್ಯಾಂಕ್ ಶಾಫ್ಟಿನ ಜೊತೆ ತಿರುಗಿ ಅದಕ್ಕೇ ಹೊಂದಿಕೊಂಡಿರುತ್ತದೆ. ಪಕ್ಕದ ಎಂಜಿನ್ನಿನ ರಾಡನ್ನು ತಂದು ಹಾಗೇ ಬಿಗಿದರೆ ಸ್ವಲ್ಪ ದೂರದಲ್ಲೇ ಬಡಿಯಲು ಶುರುವಾಗುತ್ತದೆ. ತೆಳು ಪಟ್ಟಿಗಳನ್ನು ಸೇರಿಸಿ, ತೆಗೆದು, ಅಂತರ ಹೊಂದಿಸಬೇಕು. ಚಕ್ರಗಳದ್ದು ಪ್ರಾಣದ ಪ್ರಶ್ನೆ. ಸಿ.ಎಂ.ಪಿ. ಚಕ್ರದ ರಿಮ್ಮು ಎರಡು ಹೋಳು, ಸುತ್ತಲೂ ನಟ್ಟು ಬಿಗಿದು ಸೇರಿಸಿದ್ದು. ಲಾರಿಯಿಂದ ಚಕ್ರ ಕಳಚುವ ನಟ್ಟುಗಳೇ ಬೇರೆ, ಹೋಳುಗಳನ್ನು ಹಿಡಿದಿರುವ ನಟ್ಟುಗಳೇ ಬೇರೆ. ಟೈರಿನಲ್ಲಿ ಗಾಳಿ ಇರುವಾಗ ತಪ್ಪಿ ಎರಡನೆಯದನ್ನು ಬಿಚ್ಚಿದರೆ ಹೋಳು ಸಿಡಿದು ಮನುಷ್ಯನನ್ನು ಕೊಲ್ಲುತ್ತದೆ. ಅದಕ್ಕೇ ಆ ನಟ್ಟುಗಳಿಗೆ ಕೆಂಪು ಬಣ್ಣ ಬಳಿಯುವ ರೂಢಿ.

ಮಾವಿನ ಕಸಿ ಕಟ್ಟುವಾಗ ಬೇರು ಯಾವುದೋ ಕಾಡುಮಾವಿನದು, ಕೊಂಬೆ ಬಾದಾಮಿಯದು. ಮರಕ್ಕೆ ನಾವು ಹೆಸರಿಡುವುದು ಕೊಂಬೆಯಿಂದ, ಹಣ್ಣಿನಿಂದ. ಲಾರಿಯಲ್ಲಿ ಇದು ತಲೆಕೆಳಗು. ಕ್ಯಾಬಿನ್ನು, ಎಂಜಿನ್ನು, ಬಾಗಿಲು ಎಲ್ಲವೂ ಎರಡನೆಯದರಿಂದ ಬಂದಿದ್ದರೂ ಹೆಸರು ಮೊದಲನೆಯದರದು, ಯಾಕೆಂದರೆ ನಂಬರು ಇರುವುದು ಚಾಸಿಯ ಮೇಲೆ. ದಾನ ಕೊಟ್ಟ ಲಾರಿ ಗುಜರಿಗೆ ಹೋಗುತ್ತದೆ, ಅದರ ಜೊತೆ ಅದರ ಹೆಸರೂ ಹೋಗುತ್ತದೆ.

ನನ್ನನ್ನು ಕಾಡುವುದು ಈ ಎರಡನೆಯ ಲಾರಿ. ಅದರ ಬಾಗಿಲನ್ನು ಮರಳುಕಾಗದದಿಂದ ಉಜ್ಜುವಾಗ ಬಣ್ಣದ ಪದರಗಳು ಒಂದೊಂದಾಗಿ ಏಳುತ್ತವೆ. ಮೇಲೆ ಯಾವುದೋ ರೈತ ಬಳಿದ ನೀಲಿ, ಅದರಡಿ ಸೇನೆಯ ಹಸಿರು, ಅದರಡಿ ಅರ್ಧ ಅಳಿಸಿದ ಬಿಳಿ ಅಂಕಿ. ಆ ಅಂಕಿ ಒಂದು ತುಕಡಿಯ ಗುರುತು, ಆ ತುಕಡಿಯಲ್ಲಿ ಆ ಬಾಗಿಲು ತೆಗೆದು ಹತ್ತಿದ ಯಾರೋ ಒಬ್ಬನ ಕೊನೆಯ ಸಾಕ್ಷಿಯೂ ಇರಬಹುದು. ಅದನ್ನು ಉಜ್ಜಿ ಅಳಿಸಿ, ಹೊಸ ಹಸಿರು ಬಳಿದು, ಮೊದಲ ಲಾರಿಯ ನಂಬರು ಬರೆದುಬಿಟ್ಟರೆ ನೋಡಲು ಅಂದ. ಆದರೆ ಆ ಬಾಗಿಲು ಹೋಗದ ಊರಿಗೆ ಹೋದೆನೆಂದು ಸುಳ್ಳು ಹೇಳತೊಡಗುತ್ತದೆ.

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಈ ಸುಳ್ಳಿನಿಂದ ತಪ್ಪಿಸಿಕೊಳ್ಳಲು ಇನ್ನೊಂದು ದಾರಿ ಹಿಡಿಯಿತು. ರಾಲ್ಫ್ ಬ್ಯಾಗ್ನೋಲ್ಡ್ 1940ರಲ್ಲಿ ಈಜಿಪ್ಟಿನಲ್ಲಿ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್‌ನ ಷೆವರ್ಲೆ ಲಾರಿಯೊಂದು, ‘ವೈಕಾಹಾ’ ಎಂಬ ಹೆಸರಿನದು, ಯುದ್ಧ ಮುಗಿದು ದಶಕಗಳಾದ ಮೇಲೆ ಲಿಬಿಯಾದ ಮರುಭೂಮಿಯಲ್ಲಿ ಸಿಕ್ಕಿತು. ಮ್ಯೂಸಿಯಂ ಅದಕ್ಕೆ ಬಣ್ಣ ಬಳಿಯಲಿಲ್ಲ, ಹೊಸ ಭಾಗ ಜೋಡಿಸಲಿಲ್ಲ. ಸಿಕ್ಕಂತೆಯೇ, ತುಕ್ಕು ಹಿಡಿದಂತೆಯೇ ಇಟ್ಟಿತು. ಅದು ಓಡದು, ಆದರೆ ಅದರ ಮೈಮೇಲಿರುವುದೆಲ್ಲ ಅದರದೇ.

ಎಲ್ಲ ಲಾರಿಗಳನ್ನೂ ಹಾಗೆ ಇಡಬೇಕೆಂದು ನಾನು ಹೇಳಲಾರೆ. ಎಂಜಿನ್ನಿನ ಸದ್ದು, ಕ್ಯಾಬಿನ್ನಿನ ಬಿಸಿ, ಏರಿನಲ್ಲಿ ಗೇರು ಹಾಕುವ ಪಾಡು ತುಕ್ಕಿನಿಂದ ತಿಳಿಯುವುದಿಲ್ಲ. ಓಡುವ ಲಾರಿಯೂ ಒಂದು ದಾಖಲೆಯೇ. ಹಾಗಾಗಿ ಕಸಿ ಕಟ್ಟಲಿ, ಆದರೆ ಕಸಿ ಎಂದು ಬರೆದಿಡಲಿ. ಬಿಚ್ಚುವ ಮುನ್ನ ಎರಡೂ ಲಾರಿಗಳ ಫೋಟೊ, ಎರಡನೆಯದರ ಚಾಸಿ ನಂಬರು, ಯಾವ ಭಾಗ ಎಲ್ಲಿಂದ ಬಂತು ಎಂಬ ಪಟ್ಟಿ, ಬಾಗಿಲ ಒಳಬದಿಯಲ್ಲಿ ಉಜ್ಜದೆ ಬಿಟ್ಟ ಅಂಗೈ ಅಗಲದ ಹಳೆಯ ಬಣ್ಣ. ಇಷ್ಟು ಸಾಕು. ಒಂದು ನೋಟುಪುಸ್ತಕ, ಒಂದು ಚಿಕ್ಕ ಲೋಹದ ಫಲಕದ ಖರ್ಚು.

ಶಾಸನ ಬರೆಸಿದವರು ಗುಡಿ ಎಂದೂ ಮುರಿಯದು ಎಂದು ಹೇಳಲಿಲ್ಲ. ಮುರಿದಾಗ ರಿಪೇರಿಗೆ ದುಡ್ಡು ಎಲ್ಲಿಂದ ಬರಬೇಕು, ಯಾರ ಹೊಲದಿಂದ, ಯಾರು ಕೊಟ್ಟದ್ದು ಎಂಬುದನ್ನು ಕಲ್ಲಿನಲ್ಲಿ ಬರೆಸಿದರು. ಕೊಟ್ಟವರ ಹೆಸರು ಉಳಿಯಬೇಕು ಎಂಬುದು ಅವರಿಗೆ ಗೊತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ತನ್ನ ಬಾಗಿಲನ್ನೂ ಎಂಜಿನ್ನನ್ನೂ ಕೊಟ್ಟು ಬರಿದಾಗಿ ನಿಂತ ಲಾರಿಗೆ ಸಲ್ಲಬೇಕಾದ್ದೂ ಅಷ್ಟೇ, ಒಂದು ಸಾಲು.