ಸ್ಟೋರೇಜ್ ನೆಟ್‌ವರ್ಕ್ ಪೈಪೋಟಿ

ಹಲವು ಸರ್ವರ್‌ಗಳು ಒಂದೇ ದತ್ತಾಂಶ ಭಂಡಾರವನ್ನು ಹಂಚಿಕೊಂಡು ಬಳಸುವ ವೇಗದ ಜೋಡಣೆಯೇ ಸ್ಟೋರೇಜ್ ನೆಟ್‌ವರ್ಕ್. ಸವದತ್ತಿ ಸೀಮೆಯವರಿಗೆ ಇದರ ಮರ್ಮ ಗೊತ್ತು: ನವಿಲುತೀರ್ಥದ ಜಲಾಶಯ ಎಷ್ಟೇ ತುಂಬಿರಲಿ, ಕಾಲುವೆ ಹೊತ್ತಷ್ಟೇ ನೀರು ಹೊಲಕ್ಕೆ. ಆ ಕಾಲುವೆ ಯಾರದು ಎಂಬುದೇ ಇಲ್ಲಿನ ಜಗಳ.

1994ರಲ್ಲಿ ಅಮೆರಿಕದಲ್ಲಿ ಫೈಬರ್ ಚಾನೆಲ್ ಅಧಿಕೃತ ಮಾನಕವಾಯಿತು. ಅದನ್ನು ರೂಪಿಸಿದವರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಮಳವಳ್ಳಿ ಒಬ್ಬರು. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಬ್ರೊಕೇಡ್ ಕಂಪನಿಯ ಸ್ಥಾಪಕರಲ್ಲೂ ಅವರಿದ್ದರು. ಫೈಬರ್ ಚಾನೆಲ್ಲಿನ ಹೆಚ್ಚುಗಾರಿಕೆ ವೇಗಕ್ಕಿಂತ ಎಚ್ಚರದಲ್ಲಿತ್ತು. ಆಚೆ ತುದಿಯಲ್ಲಿ ಜಾಗವಿದೆ ಎಂಬ ಸೂಚನೆ ಬಂದಷ್ಟೇ ಫ್ರೇಮುಗಳು, ಅಂದರೆ ದತ್ತಾಂಶದ ಕಟ್ಟುಗಳು, ಈಚೆಯಿಂದ ಹೊರಡುತ್ತವೆ. ದಟ್ಟಣೆಗೆ ಸಿಕ್ಕಿ ದತ್ತಾಂಶ ಉದುರಿಹೋಗುವುದಿಲ್ಲ.

ಬ್ರೊಕೇಡ್‌ಗೆ ದೊಡ್ಡ ಎದುರಾಳಿ ಸ್ಟೋರೇಜ್ ಕಂಪನಿ ಇಎಂಸಿಯ ಬಳಗದಿಂದ ಬಂದ ಮೆಕ್‌ಡೇಟಾ. ಎರಡೂ ಪಾಲಿಸುತ್ತಿದ್ದುದು ಒಂದೇ ಮಾನಕವನ್ನು. ಆದರೂ ಸರ್ವರ್ ಮತ್ತು ಭಂಡಾರಗಳನ್ನು ಬೆಸೆಯುವ ಇಬ್ಬರ ಸ್ವಿಚ್ಚುಗಳನ್ನು ಬೆರೆಸಿದರೆ ಕೆಲವು ಸೌಲಭ್ಯಗಳನ್ನು ಕೈಬಿಡಬೇಕಾಗುತ್ತಿತ್ತು, ಹಾಗಾಗಿ ಒಮ್ಮೆ ಕೊಂಡವರು ಅದೇ ಅಂಗಡಿಗೆ ಮರಳುತ್ತಿದ್ದರು. ಮಾನಕದ ಹೆಸರಿನಲ್ಲಿ ನಡೆದ ಕಟ್ಟಿಹಾಕುವಿಕೆಯಿದು ಎಂದರೆ ತಪ್ಪಾಗದು. 2002ರಲ್ಲಿ ಸಿಸ್ಕೊ ತನ್ನ ಎಂಡಿಎಸ್ 9000 ಸ್ವಿಚ್ಚುಗಳೊಂದಿಗೆ ಕಣಕ್ಕಿಳಿಯಿತು. 2007ರಲ್ಲಿ ಬ್ರೊಕೇಡ್ ಮೆಕ್‌ಡೇಟಾವನ್ನೇ ಕೊಂಡುಕೊಂಡಿತು; ಕಣದಲ್ಲಿ ಮುಖ್ಯವಾಗಿ ಇಬ್ಬರೇ ಉಳಿದರು.

ಮಾಮೂಲು ಈಥರ್‌ನೆಟ್ ಮೇಲೆ ಓಡುವ ಐಸ್ಕಸಿ 2004ರಲ್ಲಿ ಮಾನಕವಾಗಿ, ಅಗ್ಗದ ದಾರಿಯಾಗಿ ಸಣ್ಣ ಕಚೇರಿಗಳಿಗೆ ಹಿಡಿಸಿತು. ಫೈಬರ್ ಚಾನೆಲ್ ದತ್ತಾಂಶವನ್ನೂ ಈಥರ್‌ನೆಟ್ ತಂತಿಯಲ್ಲೇ ಸಾಗಿಸಲು ಹೊರಟ ಎಫ್‌ಸಿಒಇ ಅಂದುಕೊಂಡಷ್ಟು ಬೇರೂರಲಿಲ್ಲ.

2017ರಲ್ಲಿ ಬ್ರೊಕೇಡ್ ಚಿಪ್ ತಯಾರಕ ಬ್ರಾಡ್‌ಕಾಮ್ ಪಾಲಾಯಿತು. ತಮಾಷೆಯೆಂದರೆ, ಸಿಸ್ಕೊದ ಫೈಬರ್ ಚಾನೆಲ್ ಸ್ವಿಚ್ಚುಗಳಿಗೂ ಚಿಪ್ ಕೊಡುತ್ತಿದ್ದುದು ಬ್ರಾಡ್‌ಕಾಮೇ! ಸಿಸ್ಕೊದ ಗುಟ್ಟು ಬ್ರೊಕೇಡ್ ಕಿವಿಗೆ ಬೀಳದಂತೆ ನಡುವೆ ಗೋಡೆ ಕಟ್ಟಬೇಕೆಂಬ ಷರತ್ತಿನ ಮೇಲೆ ಅಮೆರಿಕದ ವ್ಯಾಪಾರ ಆಯೋಗ ಅನುಮತಿ ನೀಡಿತು.

ಸೂಪರ್‌ಕಂಪ್ಯೂಟರುಗಳ ಕಥೆ ಬೇರೆ. ಅಲ್ಲಿ ಮುಂದೆ ಬಂದದ್ದು ಇನ್ಫಿನಿಬ್ಯಾಂಡ್ ಎಂಬ ಇನ್ನೊಂದು ವೇಗದ ಜೋಡಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಸ್ರಟಿ ಯಂತ್ರ 2015ರಲ್ಲಿ ಕ್ರೇ ಕಂಪನಿಯ ಸ್ವಂತ ಜಾಲವನ್ನು ನೆಚ್ಚಿತ್ತು. 2022ರಲ್ಲಿ ಅದೇ ಆವರಣಕ್ಕೆ ಬಂದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಇನ್ಫಿನಿಬ್ಯಾಂಡ್ ಬಳಸಿತು. ಆ ತಂತ್ರದ ಮುಂಚೂಣಿ ತಯಾರಕ ಮೆಲನಾಕ್ಸ್ ಅಷ್ಟರಲ್ಲಾಗಲೇ, 2020ರಲ್ಲಿ, ಎನ್ವಿಡಿಯಾ ಮಡಿಲು ಸೇರಿತ್ತು. 2023ರಲ್ಲಿ ಈಥರ್‌ನೆಟ್ಟನ್ನೇ ಇಂಥ ಭಾರೀ ಕೆಲಸಕ್ಕೆ ಹುರಿಗೊಳಿಸಲು ಅಲ್ಟ್ರಾ ಈಥರ್‌ನೆಟ್ ಕನ್ಸಾರ್ಷಿಯಂ ಹುಟ್ಟಿತು. ಅದರ ಸ್ಥಾಪಕ ಸದಸ್ಯರ ಪಟ್ಟಿಯಲ್ಲಿ ಬ್ರಾಡ್‌ಕಾಮ್ ಮತ್ತು ಸಿಸ್ಕೊ ಎರಡೂ ಇವೆ.