ಅಲಂಗ್ ಮುಟ್ಟದ ಹಡಗುಗಳು: ಅಪಾಯಕಾರಿ ವಸ್ತುಗಳ ದಾಖಲೆ ಮತ್ತು ಕರ್ನಾಟಕದ ಕಡಲು

ಗದಗ, ಮುಂಡರಗಿ, ಲಕ್ಷ್ಮೇಶ್ವರದ ಎರೆನೆಲಕ್ಕೆ ಹಡಗಿನ ನಂಟು ಹೊಸದಲ್ಲ. 19ನೆಯ ಶತಮಾನದಲ್ಲಿ ಈ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಸಾಗುತ್ತಿತ್ತು. ಇಂದು ಗೋವೆಯ ಮುರಗಾಂವದಲ್ಲಿ ಇಳಿದ ಕಲ್ಲಿದ್ದಲು ಗದಗ ಜಂಕ್ಷನ್ ದಾಟಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಸರಕು ಹೊತ್ತ ಹಡಗು ಕೊನೆಗೆ ಏನಾಗುತ್ತದೆ ಎಂಬುದು ಹಾಗಾಗಿ ಒಳನಾಡಿನವರ ಪ್ರಶ್ನೆಯೂ ಹೌದು.

ಇದಕ್ಕೆ ಕಾನೂನಿನ ಉತ್ತರ ಸಿದ್ಧವಿದೆ. ಹಡಗುಗಳ ಸುರಕ್ಷಿತ ಮರುಬಳಕೆಗಾಗಿ ಆದ 2009ರ ಹಾಂಗ್‌ಕಾಂಗ್ ಒಪ್ಪಂದವನ್ನು ಭಾರತ 2019ರಲ್ಲಿ ಒಪ್ಪಿ, ಅದೇ ವರ್ಷ ಹಡಗುಗಳ ಮರುಬಳಕೆ ಕಾಯ್ದೆ ಮಾಡಿತು. ಒಪ್ಪಂದ ಜಾರಿಗೆ ಬಂದದ್ದು 2025ರ ಜೂನ್ 26ರಂದು. 500 ಅಥವಾ ಅದಕ್ಕೆ ಮೇಲ್ಪಟ್ಟ ಟನ್ನೇಜಿನ ಹಡಗುಗಳಲ್ಲಿ ಅಪಾಯಕಾರಿ ವಸ್ತುಗಳ ಪಟ್ಟಿ ಇರಬೇಕು. ಹಳೆಯ ಹಡಗುಗಳಿಗೆ ಐದು ವರ್ಷದ ಗಡುವಿದೆ. ಪಟ್ಟಿಯ ಮೊದಲ ಭಾಗದಲ್ಲಿ ಹಡಗಿನ ಮೈಯಲ್ಲೇ ಅಡಕವಾದ ಕಲ್ನಾರು, ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ, ಪಾದರಸ, ಸೀಸ, ತಳದ ಬಣ್ಣದಲ್ಲಿರುವ ತವರದ ಸಂಯುಕ್ತ ಇತ್ಯಾದಿ. ಎರಡನೆಯದರಲ್ಲಿ ಓಡಾಟದಲ್ಲಿ ಹುಟ್ಟಿದ ತ್ಯಾಜ್ಯ. ಮೂರನೆಯದರಲ್ಲಿ ಇಂಧನವೂ ಸೇರಿದಂತೆ ದಾಸ್ತಾನು.

ತೊಡಕು ಇರುವುದು ಇಲ್ಲೇ. ಕೊನೆಯ ಎರಡು ಭಾಗಗಳನ್ನು ತುಂಬುವುದು ಹಡಗನ್ನು ಒಡೆಯಲು ಕಳಿಸುವಾಗ ಮಾತ್ರ. ಹಡಗು ಒಡೆಯುವ ಗುಜರಾತಿನ ಅಲಂಗ್‌ಗೆ ಈ ಏರ್ಪಾಡು ಒಪ್ಪುತ್ತದೆ. ಆದರೆ ನಮ್ಮ ಕರಾವಳಿ ಕಂಡ ಹಡಗಿನ ಸಾವುಗಳು ಬೇರೆ ಬಗೆಯವು. 2006ರ ಮೇ ಕೊನೆಯಲ್ಲಿ ಕಾರವಾರದ ಬಳಿ ಬಂಡೆಗೆ ಬಡಿದ ಓಷನ್ ಸೆರಾಯ ಹಡಗಿನ ಎಣ್ಣೆ ಗೋವೆಯ ದಂಡೆಯನ್ನೂ ಮುಟ್ಟಿತು. 2009ರ ಜುಲೈಯಲ್ಲಿ ಕಬ್ಬಿಣದ ಅದಿರು ಹೊತ್ತ ಏಷ್ಯನ್ ಫಾರೆಸ್ಟ್ ಮಂಗಳೂರಿನಾಚೆ ಮುಳುಗಿತು. 2022ರ ಜೂನ್‌ನಲ್ಲಿ ಸುಮಾರು 8,000 ಟನ್ ಉಕ್ಕಿನ ಸುರುಳಿಗಳ ಜೊತೆ ಪ್ರಿನ್ಸೆಸ್ ಮಿರಾಲ್ ಉಳ್ಳಾಲದ ಎದುರು ನೆಲಕಚ್ಚಿತು. ಅದರ 15 ಸಿರಿಯನ್ ನಾವಿಕರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಇವೆಲ್ಲ ಒಪ್ಪಂದ ಜಾರಿಯಾಗುವ ಮುಂಚಿನವು, ನಿಜ. ಆದರೆ ಇಂಥದ್ದೇ ಅವಘಡ ನಾಳೆ ನಡೆದರೂ ಒಪ್ಪಂದದ ಪ್ರಕಾರ ಆ ಹಡಗಿನಲ್ಲಿ ಇರಬೇಕಾದದ್ದು ಮೊದಲ ಭಾಗವೊಂದೇ. ಹಳೆಯ ಹಡಗಾದರೆ 2030ರವರೆಗೆ ಅದೂ ಇಲ್ಲದಿರಬಹುದು. ಇನ್ನು ಕಾರವಾರದ ಕದಂಬ ನೌಕಾನೆಲೆಯಲ್ಲಿ ತಂಗುವ ಯುದ್ಧನೌಕೆಗಳಂತೂ ಒಪ್ಪಂದದ ಹೊರಗೇ ಇವೆ.

ಮುಳುಗಿದ ಹಡಗಿಗೆ ಬೇರೊಂದು ಒಪ್ಪಂದವಿದೆ: 2007ರ ನೈರೋಬಿ ಒಪ್ಪಂದ. ಭಾರತ ಅದಕ್ಕೂ ಸೇರಿದೆ. ಅದರ 5ನೆಯ ವಿಧಿಯಂತೆ ಹಡಗಿನ ನಿರ್ವಾಹಕ ಅಥವಾ ಕ್ಯಾಪ್ಟನ್ ಕೊಡುವ ವರದಿಯಲ್ಲಿ ಸರಕಿನ ಸ್ವರೂಪ, ಅದರಲ್ಲಿನ ಅಪಾಯಕಾರಿ ವಸ್ತು, ಎಣ್ಣೆಯ ಬಗೆ ಮತ್ತು ಪ್ರಮಾಣ ಇರಬೇಕು. 2025ರ ಮೇಯಲ್ಲಿ ಕೇರಳದ ಎದುರು ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಇಂಥ ಮಾಹಿತಿಯ ಬೆಲೆ ಎಲ್ಲರಿಗೂ ತಿಳಿಯಿತು. ಅದರ 12 ಕಂಟೇನರುಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನೀರು ತಾಗಿದರೆ ಅದು ಹೊತ್ತಿ ಉರಿಯುವ ಅಸಿಟಿಲೀನ್ ಅನಿಲ ಬಿಡುತ್ತದೆ. ಆದರೆ ಹಡಗಿನ ಗೋಡೆಯೊಳಗಿನ ಕಲ್ನಾರು, ಕೇಬಲಿನ ಪಿಸಿಬಿ ಎಷ್ಟೆಂದು ಈ ವಿಧಿ ಹೆಸರಿಸಿ ಕೇಳುವುದಿಲ್ಲ.

ಹೀಗೆ ಒಂದು ಒಪ್ಪಂದ ಹಡಗಿನ ಮೈಯನ್ನು ದಾಖಲಿಸುತ್ತದೆ, ಇನ್ನೊಂದು ಅದರ ಹೊಟ್ಟೆಯನ್ನು. ಅವಶೇಷ ತುಂಡರಿಸಲು ಇಳಿಯುವ ಮುಳುಗುಗಾರನಿಗೂ ತುಂಡುಗಳನ್ನು ದಡದಲ್ಲಿ ಕೊಯ್ಯುವ ಕೂಲಿಕಾರನಿಗೂ ಎರಡೂ ಬೇಕು. ಪಟ್ಟಿಯ ಮೊದಲ ಭಾಗದ ಒಂದು ಪ್ರತಿ, ಹಡಗು ಬಂದರು ಪ್ರವೇಶಿಸುವ ಮುನ್ನವೇ ಬಂದರು ಕಚೇರಿಗೂ ಕರಾವಳಿ ಕಾವಲು ಪಡೆಗೂ ತಲುಪಬೇಕು. ಅವಘಡವಾದಾಗ ಅದು 5ನೆಯ ವಿಧಿಯ ವರದಿಯ ಅಂಗವಾಗಬೇಕು. ಇದಕ್ಕೆ ಹೊಸ ಒಪ್ಪಂದ ಬೇಕಿಲ್ಲ, ನೌಕಾಯಾನ ಮಹಾನಿರ್ದೇಶನಾಲಯದ ಒಂದು ಆದೇಶದಿಂದಲೇ ಕೆಲಸ ಆರಂಭವಾಗಬಲ್ಲದು.