ಹತ್ತಿಸಿಕೊಳ್ಳದ ಗಾಡಿಗಳ ಚರಿತ್ರೆ

ಬೆಳಗಿನ ಹೊತ್ತು ಹೋಟೆಲಿನ ಬೆಂಚಿನ ಮೇಲೆ ಒಂದು ಪೇಪರು ಹತ್ತು ಕೈ ದಾಟುವಷ್ಟರಲ್ಲಿ ಈ ದೇಶದ ಸಾರಿಗೆ ನೀತಿಯೆಲ್ಲ ಚರ್ಚೆಯಾಗಿ ಮುಗಿದಿರುತ್ತದೆ. 'ರೈಲು ಈಗ ಗಾಳಿ ಬೀಸ್ದಂಗೆ ಓಡ್ತದಂತೆ.' 'ಮೆಟ್ರೋ ರೇಟು ನೋಡಿದ್ಯಾ, ಅರವತ್ತಿದ್ದದ್ದು ತೊಂಬತ್ತಾಯ್ತು.' 'ಹೆಂಗಸರಿಗೆ ಬಿಟ್ಟಿ ಬಸ್ಸು ಕೊಟ್ಟು ನಮಗೆ ನಿಲ್ಲಕ್ಕೂ ಜಾಗ ಇಲ್ಲ ಕಣಯ್ಯ.' 'ಇನ್ಮೇಲೆ ಫೋನಿದ್ರೆ ಸಾಕು, ಚಿಲ್ಲರೆ ತಾಪತ್ರಯವೇ ಇಲ್ಲ.' ಈ ಮಾತುಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಜನ ದಿನಾ ಆಡುವ ಮಾತಿನಲ್ಲಿ ಅವರವರ ಹೊಟ್ಟೆಯ ಲೆಕ್ಕ ಇರುತ್ತದೆ. ಆದರೆ ಆ ಬೆಂಚಿನ ಮೇಲೆ ಒಂದು ಪ್ರಶ್ನೆ ಮಾತ್ರ ಏಳುವುದೇ ಇಲ್ಲ. ಗಾಡಿ ಎಷ್ಟು ಜೋರಾಗಿ ಓಡುತ್ತದೆ ಎನ್ನುವುದಕ್ಕೆ ಮುಂಚೆ, ಅದು ಯಾರನ್ನು ಹತ್ತಿಸಿಕೊಳ್ಳುತ್ತದೆ?

ಏಳದಿರುವುದಕ್ಕೆ ಕಾರಣ ಉಂಟು. ಆ ಬೆಂಚಿನ ಮೇಲೆ ಕೂರುವುದಕ್ಕೇ ನಮ್ಮ ತಾತಂದಿರಿಗೆ ಹಕ್ಕಿರಲಿಲ್ಲ. ಅವರಿಗೆ ಪೇಪರೂ ಇಲ್ಲ, ಬೆಂಚೂ ಇಲ್ಲ. ಹೊರಗೆ ನಿಂತು ಚಿಪ್ಪಿನಲ್ಲೋ ತಗಡಿನ ಲೋಟದಲ್ಲೋ ಹುಯ್ಯಿಸಿಕೊಂಡು ಕುಡಿದು, ಅದನ್ನು ತಾವೇ ತೊಳೆದಿಟ್ಟು ಹೋಗುತ್ತಿದ್ದವರು ಅವರು. ಆದ್ದರಿಂದ ಗಾಡಿಗಳ ಚರಿತ್ರೆಯನ್ನು ಕೂತವರು ಬರೆದರು. ಹೊರಗೆ ನಿಂತವರ ಕಡೆಯಿಂದ ಅದನ್ನೊಮ್ಮೆ ಓದಿ ನೋಡೋಣ.

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. ಹದಿನಾಲ್ಕು ಡಬ್ಬಿ, ನಾನೂರು ಅತಿಥಿಗಳು, 34 ಕಿಲೋಮೀಟರು. ಅದೇ ವರ್ಷ ಲಂಡನ್ನಿನಲ್ಲಿ ಕೂತು ಕಾರ್ಲ್ ಮಾರ್ಕ್ಸ್ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ರೈಲಿನ ಹಿಂದೆ ಬರುವ ಕೈಗಾರಿಕೆ ಈ ದೇಶದ ಜಾತಿಯ ಬುಡವಾದ ಕುಲಕಸುಬಿನ ಕಟ್ಟನ್ನು ಕರಗಿಸಿಬಿಡುತ್ತದೆ ಎಂದು ನಂಬಿದ್ದ. ಅರ್ಧ ನಿಜವಾಯಿತು. ರೈಲಿನ ಡಬ್ಬಿಯಲ್ಲಿ ಮಡಿ ನಿಲ್ಲಲಿಲ್ಲ. ಕಾಸು ಕೊಟ್ಟವನಿಗೆ ಟಿಕೆಟು, ಟಿಕೆಟ್ಟಿದ್ದವನಿಗೆ ಜಾಗ, ಪಕ್ಕದಲ್ಲಿ ಯಾರು ಕೂತಿದ್ದಾರೆಂದು ಇಳಿದು ಹೋಗುವುದಕ್ಕೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿರಲಿಲ್ಲ. ಇನ್ನರ್ಧ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇವೆ.

ನಮ್ಮ ಮೈಸೂರು ಸೀಮೆಯ ಮಾತು. 1876-78ರ ದೊಡ್ಡ ಬರದಲ್ಲಿ ಊರೂರೇ ಬರಿದಾದವು. ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸ ಶುರುವಾದದ್ದು ಆ ಕಾಲದಲ್ಲಿ, ಬರ ಪರಿಹಾರದ ಕೂಲಿಯಾಗಿ. ಹಸಿದವರು ಮಣ್ಣು ಹೊತ್ತರು, ದಿಬ್ಬ ಕಡಿದರು, ಹಳಿಗೆ ದಾರಿ ಮಾಡಿದರು. 1880ರ ದಶಕದಲ್ಲಿ ಆ ದಾರಿಯ ಮೇಲೆ ಗಾಡಿ ಓಡಿತು. ಇವತ್ತು ಮದರಾಸಿನಿಂದ ಮೈಸೂರಿಗೆ ಬರುವ ವಂದೇ ಭಾರತ್ ರೈಲು, 2022ರ ನವೆಂಬರಿನಲ್ಲಿ ಹೊರಟದ್ದು, ಅದೇ ದಾರಿಯಲ್ಲಿ ಓಡುತ್ತದೆ. ಅದರಲ್ಲಿ ಸಾಮಾನ್ಯ ದರ್ಜೆಯ ಡಬ್ಬಿ ಒಂದೂ ಇಲ್ಲ. ಮಣ್ಣು ಹೊತ್ತವರ ಮೊಮ್ಮಕ್ಕಳು ಹಳಿಯ ಪಕ್ಕದ ಗದ್ದೆಯಲ್ಲಿ ನಿಂತು ಅದು ಹೋಗುವುದನ್ನು ನೋಡುತ್ತಾರೆ.

ಟಿಕೆಟಿಗೂ ಬಾಗಿಲಿಗೂ ಇರುವ ವ್ಯತ್ಯಾಸವನ್ನು ಬಾಬಾಸಾಹೇಬರಷ್ಟು ಚೆನ್ನಾಗಿ ತಿಳಿದವರು ಯಾರಿದ್ದಾರೆ? 1901. ಅವರಿನ್ನೂ ಹುಡುಗ. ತಂದೆ ಗೋರೆಗಾಂವದಲ್ಲಿ ಕ್ಯಾಷಿಯರು. ಅಣ್ಣ, ಅಕ್ಕನ ಮಕ್ಕಳ ಜೊತೆಯಲ್ಲಿ ಸಾತಾರಾದಿಂದ ರೈಲು ಹತ್ತಿ ಮಸೂರು ಎಂಬ ಸ್ಟೇಷನ್ನಿನಲ್ಲಿ ಇಳಿದರು. ಹೊಸ ಬಟ್ಟೆ, ಹೊಸ ಟೋಪಿ. ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರು ಒಳ್ಳೆ ಮನೆಯ ಮಕ್ಕಳೆಂದು ವಿಚಾರಿಸಿದ. 'ನಾವು ಮಹಾರರು' ಅಂದ ಕೂಡಲೇ ಅವನ ಮುಖವೇ ಬದಲಾಯಿತು. ಹೊರಗೆ ಬಾಡಿಗೆ ಗಾಡಿಗಳು ನಿಂತಿದ್ದವು. ಒಬ್ಬನೂ ಬರಲೊಲ್ಲ. ಕೊನೆಗೆ ಒಂದು ಕರಾರಿಗೆ ಒಬ್ಬ ಒಪ್ಪಿದ. ಬಾಡಿಗೆ ಎರಡು ಪಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇತ್ತು, ಕುಡಿಯಲು ನೀರು ಕೊಡುವವರಿಲ್ಲ. ರಾತ್ರಿಯೆಲ್ಲ ಬಾಯಾರಿ ಕಳೆದ ಆ ಮಕ್ಕಳು ಮಾರನೆಯ ದಿನ ಊರು ಸೇರಿದರು.

ಗೆಳೆಯರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರೈಲಿನಲ್ಲಿ ಆ ಮಕ್ಕಳು ಕೂತೇ ಬಂದಿದ್ದರು. ಟಿಕೆಟು ಜಾತಿ ಕೇಳಿರಲಿಲ್ಲ. ಇಳಿದ ಮೇಲೆ ಜಾತಿ ಕೇಳಿದ್ದು ಮನುಷ್ಯ. ದುಪ್ಪಟ್ಟು ಬಾಡಿಗೆ ತೆಗೆದುಕೊಳ್ಳುವಾಗ ಮೈಲಿಗೆಯಾಗದ ಕೈ, ಪಕ್ಕದಲ್ಲಿ ಕೂರುವಾಗ ಮೈಲಿಗೆಯಾಯಿತು.

ಇಪ್ಪತ್ತೆಂಟು ವರ್ಷದ ಮೇಲೆ, 1929ರಲ್ಲಿ, ಆ ಹುಡುಗ ಬ್ಯಾರಿಸ್ಟರಾಗಿ, ಅಸ್ಪೃಶ್ಯರ ಕಷ್ಟಗಳನ್ನು ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರಾಗಿ ಚಾಳಿಸಗಾಂವದಲ್ಲಿ ಇಳಿದರು. ಸ್ಟೇಷನ್ನಿನ ಟಾಂಗಾದವರು ಯಾರೂ ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ನಡೆಸಿಕೊಂಡು ಹೋದರೆ ದೊಡ್ಡವರಿಗೆ ಅವಮಾನವಾದೀತೆಂದು ಮಹಾರವಾಡೆಯ ಜನ ಒಂದು ಟಾಂಗಾ ಬಾಡಿಗೆಗೆ ತಂದು, ತಮ್ಮವನೇ ಒಬ್ಬನನ್ನು ಓಡಿಸಲು ಕೂರಿಸಿದರು. ಅವನಿಗೆ ಗಾಡಿ ಹೊಡೆದು ಗೊತ್ತಿಲ್ಲ. ದಾರಿಯ ಮೋರಿಯ ಹತ್ತಿರ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಟಾಂಗಾ ಓಡಿಸುವ ಬಡವನೂ ಬ್ಯಾರಿಸ್ಟರಿಗಿಂತ ತಾನು ಮೇಲೆಂದು ತಿಳಿಯುತ್ತಾನೆಂಬ ಮಾತನ್ನು ಅವರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ಪುಟಗಳಲ್ಲಿ ಬರೆದಿಟ್ಟಿದ್ದಾರೆ. ಡಿಗ್ರಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಮಗೆ ಬುದ್ಧಿ ಹೇಳುವ ಮೇಷ್ಟ್ರುಗಳು ಆ ಪುಟಗಳನ್ನು ಕ್ಲಾಸಿನಲ್ಲಿ ಓದಿಸಬೇಕು.

ಗಾಡಿ ಹತ್ತಿಸಿಕೊಳ್ಳದಿದ್ದಾಗ ಗಾಡಿಯನ್ನೇ ಕೊಂಡವರೂ ಇದ್ದಾರೆ. ತಿರುವಾಂಕೂರಿನಲ್ಲಿ ಪುಲಯರು ಹಾದಿಯಲ್ಲಿ ನಡೆಯುವುದೇ ಅಪರಾಧವಾಗಿದ್ದ ಕಾಲ. 1893ರಲ್ಲಿ ಅಯ್ಯನ್‌ಕಾಳಿ ಒಂದು ಎತ್ತಿನ ಬಂಡಿ ಕೊಂಡರು, ಶುಭ್ರವಾದ ಬಟ್ಟೆ ಉಟ್ಟು ತಲೆಗೆ ರುಮಾಲು ಸುತ್ತಿದರು, ರಾಜಬೀದಿಯಲ್ಲಿ ಬಂಡಿ ಹೊಡೆದುಕೊಂಡು ಹೋದರು. ತಡೆಯಲು ಬಂದವರಿಗೆ ಎದುರು ನಿಂತರು. ಬಂಡಿ ಹಳೆಯದೇ, ಎತ್ತು ಹಳೆಯದೇ. ಕೂತವನು ಹೊಸಬ, ಅದೇ ಕ್ರಾಂತಿ.

ನಮ್ಮ ಕಡಲ ಸೀಮೆಯಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತರ ಏಳಿಗೆಯ ಸಂಸ್ಥೆ ಕಟ್ಟಿದರು. ತಮ್ಮ ಜಾತಿಯಿಂದಲೇ ಬಹಿಷ್ಕಾರ ಉಂಡರು. ದಲಿತರ ಮಕ್ಕಳು ಓದಿ ಸರ್ಕಾರಿ ಕೆಲಸ ಹಿಡಿದು ನಮ್ಮೂರ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ನನ್ನ ತಲೆಗೆ ತಾಗಬೇಕು, ಆಗ ಈ ಜನ್ಮ ಸಾರ್ಥಕ ಎನ್ನುವ ಅರ್ಥದ ಮಾತು ಅವರದೆಂದು ಆ ಸೀಮೆಯಲ್ಲಿ ಇವತ್ತಿಗೂ ಹೇಳುತ್ತಾರೆ. ನಮ್ಮನ್ನು ಎತ್ತುತ್ತೇವೆಂದು ಬಂದ ಮೇಲ್ಜಾತಿಯವರ ಮೇಲೆ ನಮಗೆ ಅನುಮಾನ ಜಾಸ್ತಿ. ಆದರೆ ಧೂಳು ಬೇಡಿದ ಈ ಮನುಷ್ಯನ ಮೇಲೆ ಅನುಮಾನ ಬರುವುದಿಲ್ಲ.

ಸ್ಟೇಷನ್ನಿನೊಳಗೂ ಎಲ್ಲ ಸಮ ಇರಲಿಲ್ಲ. ದಕ್ಷಿಣದ ರೈಲ್ವೆ ಊಟದ ಕೋಣೆಗಳಲ್ಲಿ ಬ್ರಾಹ್ಮಣರಿಗೊಂದು, ಉಳಿದವರಿಗೊಂದು ಎಂಬ ಬೋರ್ಡುಗಳು ಇದ್ದವು. ಪೆರಿಯಾರರ ಹೋರಾಟದ ಒತ್ತಡದಿಂದ ಅವು ಇಳಿದದ್ದು 1941ರಲ್ಲಿ. ಮೊದಲ ರೈಲು ಓಡಿ ಎಂಬತ್ತೆಂಟು ವರ್ಷವಾಗಿತ್ತು. ಎಂಜಿನ್ನಿಗೆ ಇಷ್ಟು ವೇಗ ಇದ್ದ ದೇಶದಲ್ಲಿ ಒಂದು ಬೋರ್ಡು ಕೀಳುವುದಕ್ಕೆ ಅಷ್ಟು ಕಾಲ ಬೇಕಾಯಿತು!

ಹಳ್ಳಿಯ ಮಟ್ಟಿಗೆ ಲೋಕವನ್ನು ತಿರುಗಿಸಿದ್ದು ರೈಲಲ್ಲ, ಕೆಂಪು ಬಸ್ಸು. ಮೊದಲು ಇದ್ದದ್ದು ಖಾಸಗಿ ಬಸ್ಸು. ಬಸ್ಸಿನ ಒಡೆಯನೂ ಜಮೀನಿನ ಒಡೆಯನೂ ಒಂದೇ ಮನೆಯವರು, ಇಲ್ಲದಿದ್ದರೆ ಬೀಗರು. ಅವನ ಹೊಲದಲ್ಲಿ ಜೀತಕ್ಕಿದ್ದವನು ಅವನ ಬಸ್ಸಿನಲ್ಲಿ ಸೀಟಿನ ಮೇಲೆ ಹೇಗೆ ಕೂತಾನು? ದುಡ್ಡು ಕೊಟ್ಟೂ ಕೆಳಗೆ ಕುಕ್ಕರಗಾಲಲ್ಲಿ ಕೂತು ಬಂದ ಕತೆಗಳನ್ನು ನಮ್ಮ ಕೇರಿಗಳ ಹಿರಿಯರು ಹೇಳುತ್ತಾರೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. 1976ರಲ್ಲಿ ದೇವರಾಜ ಅರಸರ ಸರ್ಕಾರ ಖಾಸಗಿಯವರ ಕಾಂಟ್ರ್ಯಾಕ್ಟ್ ಬಸ್ಸುಗಳನ್ನು ವಶಕ್ಕೆ ತೆಗೆದುಕೊಳ್ಳಲು ಕಾನೂನು ತಂದಾಗ ಒಡೆಯರು ಸುಪ್ರೀಂ ಕೋರ್ಟಿನವರೆಗೂ ಹೋಗಿ 1977ರಲ್ಲಿ ಸೋತರು.

ಈ ತಾರೀಖುಗಳನ್ನು ಆಡಳಿತದ ಪುಸ್ತಕಗಳು ಬರೆಯುತ್ತವೆ. ಅವು ಬರೆಯದ ಸಂಗತಿ ಬೇರೆ. ಸರ್ಕಾರದ ಬಸ್ಸಿಗೆ ಊರಗೌಡ ಒಡೆಯನಲ್ಲ. ಮೀಸಲಾತಿಯಲ್ಲಿ ಕೆಲಸ ಸಿಕ್ಕಿದ ಕೇರಿಯ ಹುಡುಗ ಖಾಕಿ ಹಾಕಿಕೊಂಡು, ಹೆಗಲಿಗೆ ಚರ್ಮದ ಬ್ಯಾಗು ನೇತುಹಾಕಿಕೊಂಡು, 'ಯಾರ್ರೀ ಟಿಕೆಟ್, ಒಳಗೆ ಹೋಗ್ರೀ ಗೌಡ್ರೇ' ಅಂದ ದಿನ ಎಷ್ಟು ಹಳ್ಳಿಗಳಲ್ಲಿ ಎಷ್ಟು ಎದೆಗಳು ಧಗ್ಗೆಂದಿರಬೇಕು! ಅವನ ಬೆರಳಿನ ಎಂಜಲು ಹತ್ತಿದ ಕಾಗದವನ್ನು ಜನಿವಾರದವರೂ ಜೇಬಿನಲ್ಲಿಟ್ಟುಕೊಳ್ಳಬೇಕಾಯಿತು. ಸಂವಿಧಾನದ 17ನೇ ವಿಧಿ ಕೇರಿಗೆ ಮೊದಲು ಬಂದದ್ದು ಪುಸ್ತಕವಾಗಿ ಅಲ್ಲ, ಆ ಅಂಗೈ ಅಗಲದ ಟಿಕೆಟಾಗಿ. ಅದರ ಮೇಲೆ ಹತ್ತಿದ ಊರು ಗೊತ್ತಾಗುತ್ತಿತ್ತು, ಕೊಟ್ಟ ಕಾಸು ಗೊತ್ತಾಗುತ್ತಿತ್ತು. ಹೆಸರು ಇರಲಿಲ್ಲ. ನಾವು ಕಾಲೇಜು ಕಂಡದ್ದೂ ಅದೇ ಬಸ್ಸಿನಿಂದ. ಪಾಸು ಇಲ್ಲದಿದ್ದರೆ ಪಿಯುಸಿಗೇ ನಿಲ್ಲುತ್ತಿದ್ದೆವು.

ಈಗ ಉಳಿದ ಅರ್ಧ. ಕುಲಕಸುಬನ್ನು ರೈಲು ಕರಗಿಸುತ್ತದೆ ಎಂದಿದ್ದನಲ್ಲ ಮಾರ್ಕ್ಸ್, ಅದೇ ರೈಲು ಒಂದು ಹೊಸ ಕುಲಕಸುಬನ್ನು ಹುಟ್ಟಿಸಿತು. ಡಬ್ಬಿಯ ಕಕ್ಕಸಿನಿಂದ ನೇರವಾಗಿ ಹಳಿಯ ಮೇಲೆ ಬೀಳುವುದನ್ನು ಬಳಿಯುವ ಕೆಲಸ. ಅದನ್ನು ಯಾವ ಜಾತಿಯವರು ಮಾಡಿದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ 2013ರಲ್ಲಿ ಬಂದ ಕಾನೂನು ರೈಲುಹಳಿಯನ್ನೂ ಹೆಸರಿಸಿತು. ಅದರ ಜೊತೆಗೇ ಒಂದು ಕಿಂಡಿಯನ್ನೂ ಇಟ್ಟಿತು. ಸರ್ಕಾರ ಹೇಳಿದ ಸಲಕರಣೆ, ರಕ್ಷಣೆಯ ಉಡುಪು ತೊಟ್ಟು ನೌಕರ ಶುಚಿ ಮಾಡಿದರೆ ರೈಲು ಡಬ್ಬಿಯ ಕಕ್ಕಸನ್ನು ಅನೈರ್ಮಲ್ಯದ ಕಕ್ಕಸೆಂದು ಎಣಿಸುವಂತಿಲ್ಲ! ಅಂದರೆ ಗ್ಲೌಸು ತೊಟ್ಟರೆ ಜಾತಿ ಮಾಯ. ಮಲವನ್ನು ಡಬ್ಬಿಯ ಕೆಳಗಿನ ತೊಟ್ಟಿಯಲ್ಲೇ ಬ್ಯಾಕ್ಟೀರಿಯಾದಿಂದ ಕರಗಿಸುವ ಬಯೋ ಟಾಯ್ಲೆಟ್ಟನ್ನು ರೈಲ್ವೆಯೂ ಡಿಆರ್‌ಡಿಒ ಸಂಸ್ಥೆಯೂ ಸೇರಿ ರೂಪಿಸಿ, ಡಬ್ಬಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೂರಿಸಿದ್ದು 2010ರ ದಶಕದಲ್ಲಿ. ನೂರೈವತ್ತು ವರ್ಷ ದಾಟಿತ್ತು. ನಮ್ಮ ಲೆಕ್ಕದಲ್ಲಿ ಭಾರತೀಯ ರೈಲಿನ ಅತಿ ದೊಡ್ಡ ತಂತ್ರಜ್ಞಾನದ ಸುದ್ದಿ ಇದೇ. ಹೋಟೆಲಿನ ಬೆಂಚಿನ ಮೇಲೆ ಇದರ ಮಾತನ್ನು ನಾವು ಒಂದು ದಿನವೂ ಕೇಳಲಿಲ್ಲ.

ಇನ್ನು ಗ್ರಾಹಕರ ವಿಚಾರ. 1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂತು, 2019ರಲ್ಲಿ ಹೊಸ ಕಾಯ್ದೆ ಅದರ ಜಾಗಕ್ಕೆ ಬಂತು. ಹಣ ಕೊಟ್ಟು ಕೊಂಡವನು ಗ್ರಾಹಕ. ತೂಕ ಕಡಿಮೆಯಾದರೆ ದೂರು ಕೊಡು, ಮಾಲು ಕೆಟ್ಟಿದ್ದರೆ ದೂರು ಕೊಡು. ಸರಿ. ಅದೇ ದುಡ್ಡಿಗೆ ನನಗೆ ಬೇರೆ ಲೋಟ ಕೊಟ್ಟರೆ? ಅದೇ ದುಡ್ಡಿಗೆ ಕ್ಷೌರದಂಗಡಿಯವನು 'ನಾಳೆ ಬಾ' ಅಂದರೆ? ಇದು ಸೇವಾ ನ್ಯೂನತೆಯಲ್ಲವೇ ಸ್ವಾಮಿ? 1955ರ ಕಾನೂನು ಅಂಗಡಿ, ಹೋಟೆಲು, ಸಾರ್ವಜನಿಕ ವಾಹನಗಳಲ್ಲಿ ಅಸ್ಪೃಶ್ಯತೆ ಆಚರಿಸುವುದನ್ನು ಅಪರಾಧವೆಂದಿದೆ, ನಿಜ. ಆದರೆ ಅದಕ್ಕೆ ಪೋಲೀಸು ಸ್ಟೇಷನ್ನಿನ ಮೆಟ್ಟಿಲು ಹತ್ತಬೇಕು. ಪೇಟೆಯವನ ಫ್ರಿಜ್ಜು ಕೆಟ್ಟರೆ ಗ್ರಾಹಕರ ಆಯೋಗ, ನಮ್ಮ ಲೋಟ ಬೇರೆಯಾದರೆ ಠಾಣೆ.

ನಗರದಲ್ಲಿ ಇದೆಲ್ಲ ಇಲ್ಲ ಅನ್ನುತ್ತಾರೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತ ರೈತನೊಬ್ಬನನ್ನು ಬಟ್ಟೆ ಕೊಳೆಯಾಗಿದೆ ಎಂದು ತಡೆದರು. ಟಿಕೆಟು ಅವನ ಕೈಯಲ್ಲೇ ಇತ್ತು. ಸಹಪ್ರಯಾಣಿಕರು ಜಗಳಕ್ಕೆ ನಿಂತ ಮೇಲೆ ಬಿಟ್ಟರು, ತಡೆದ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಅದೇ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟು ಮಗನ ಜೊತೆ ಸಿನಿಮಾಕ್ಕೆ ಬಂದ ಮುದುಕನನ್ನು ಒಳಗೆ ಬಿಡಲಿಲ್ಲ. ಅವರ ಬಳಿಯೂ ಟಿಕೆಟಿತ್ತು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಇಬ್ಬರ ಜಾತಿ ಯಾವುದೆಂದು ನಾವು ಹುಡುಕುವುದಿಲ್ಲ. ಮಸೂರಿನ ಸ್ಟೇಷನ್ನಿನಲ್ಲಿ ಹೊಸ ಬಟ್ಟೆಯ ಮೇಲೂ ಜಾತಿ ಕೇಳಿದರು, ಇಲ್ಲಿ ಬಟ್ಟೆಯನ್ನೇ ಕೇಳಿದರು. ಬಾಗಿಲು ಕಾಯುವವನೂ ಹೊಟ್ಟೆಪಾಡಿಗೆ ಬಂದ ನಮ್ಮಂಥವನೇ, ಅವನ ಬಾಯಲ್ಲಿ ಮಾತಾಡುವವರು ಬೇರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ದುಡ್ಡಿಲ್ಲ. 2025ರ ಜುಲೈ ಹೊತ್ತಿಗೆ ಅಂಥ ಪ್ರಯಾಣಗಳು 500 ಕೋಟಿ ದಾಟಿದವು. ಇದರ ಮೇಲೆ ಆಡಿದಷ್ಟು ಕುಹಕವನ್ನು ಜನ ವಿಮಾನ ಹತ್ತುವವರ ಮೇಲೆ ಆಡಲಿಲ್ಲ. ತೌರಿಗೆ ಹೋಗಲು ಗಂಡನ ಮುಂದೆ ಕೈಚಾಚುತ್ತಿದ್ದವಳು, ಹೆರಿಗೆ ಆಸ್ಪತ್ರೆಗೆ ಮಗಳನ್ನು ನೋಡಲು ಹೋಗಲಾಗದೆ ಕೂತಿದ್ದವಳು, ಪೇಟೆಯ ಮನೆಗಳಲ್ಲಿ ಮುಸುರೆ ತಿಕ್ಕಿ ಬರುವವಳು ಈಗ ಹತ್ತಿ ಕೂರುತ್ತಾಳೆ. 'ರಶ್ಶು' ಅಂತ ಗೊಣಗುವವರು ಬಸ್ಸು ಹೆಚ್ಚಿಸಿ ಎಂದು ಕೇಳಬೇಕು. ಇಳಿಸಿ ಎಂದು ಕೇಳುತ್ತಿದ್ದಾರೆ.

ಫೋನಿನ ಬಗ್ಗೆಯೂ ನಮಗೆ ಹಗೆಯಿಲ್ಲ. 2024ರ ಕೊನೆಯಿಂದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಫೋನಿನಿಂದ ದುಡ್ಡು ಕಟ್ಟಬಹುದು, ಚಿಲ್ಲರೆ ಜಗಳ ಕಡಿಮೆಯಾಗಿದ್ದರೆ ಸಂತೋಷ. ನಮ್ಮ ಅಳುಕು ಬೇರೆ. ಕಾಗದದ ಟಿಕೆಟು ಹೆಸರು ಕೇಳಲಿಲ್ಲ. ಆ್ಯಪಿನ ಗಾಡಿ ಹತ್ತುವ ಮುಂಚೆಯೇ ಹೆಸರು ಕೇಳುತ್ತದೆ, ಈ ದೇಶದಲ್ಲಿ ಹೆಸರು ಕೇಳುವುದೆಂದರೆ ಏನೆಂದು ಗೊತ್ತಿಲ್ಲದವರು ಯಾರು? ಎಲ್ಲಿ ಕೌಂಟರು ಮುಚ್ಚಿ 'ಫೋನಲ್ಲೇ ಮಾಡಿ' ಅನ್ನುತ್ತಾರೋ ಅಲ್ಲಿ ಮನೆಗೊಂದೇ ಫೋನು ಇರುವ, ಅದೂ ಗಂಡಸಿನ ಜೇಬಿನಲ್ಲಿರುವ ಕೇರಿಯ ಹೆಂಗಸು ಹೊರಗೇ ನಿಲ್ಲುತ್ತಾಳೆ. ಕೈಕಾಸಿಗೆ ಟಿಕೆಟು ಸಿಗುವ ಕಿಟಕಿ ಎಲ್ಲ ಕಡೆ ತೆರೆದಿರಬೇಕೆಂದು ನಮ್ಮ ಸಂಘಟನೆಗಳು ಕೇಳುವುದು ಈಗಲೇ ಒಳ್ಳೆಯದು, ಮುಚ್ಚಿದ ಮೇಲೆ ಅಲ್ಲ.

ಓದುವ ಮೇಷ್ಟ್ರುಗಳಲ್ಲಿ, ಕಾಲೇಜಿನ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮೂರಿಗೆ ಮೊದಲ ಬಸ್ಸು ಯಾವ ವರ್ಷ ಬಂತು, ಅದು ಎಲ್ಲಿ ನಿಲ್ಲುತ್ತಿತ್ತು, ಕೇರಿಯವರು ಹತ್ತಿದರೆ ಎಲ್ಲಿ ಕೂರುತ್ತಿದ್ದರು, ಸೀಟಿನ ಮೇಲೆ ಮೊದಲು ಕೂತವರು ಯಾರು, ಆವತ್ತು ಏನಾಯಿತು? ಇದನ್ನು ಬಲ್ಲ ಅಜ್ಜಿ ತಾತಂದಿರು ಎಂಬತ್ತು ದಾಟಿದ್ದಾರೆ. ಈ ಸುಗ್ಗಿಯ ರಜೆಯಲ್ಲೇ ಕೂತು ಕೇಳಿ ಬರೆದುಕೊಳ್ಳಿ. ನಾಲ್ಕು ಸಾಲಾದರೂ ಸರಿ, ಅವರ ಮಾತಿನಲ್ಲೇ ಇರಲಿ, ತಿದ್ದಬೇಡಿ. ಕಾರ್ಡಿನಲ್ಲಾಗಲಿ ಫೋನಿನಲ್ಲಾಗಲಿ ಪತ್ರಿಕೆಗೆ ಕಳಿಸಿ.